ಟೇಬಲ್ ಗ್ರೈಂಡಿಂಗ್‌ಗೆ ಹೊರುವ ಮೊದಲು ಕಾಲಿನ ಬೋಲ್ಟ್ ಸಡಿಲಿಸಿ ನೋಡಿ

ಆ ಟೇಬಲ್ ಬಿಚ್ಚಬೇಡಿ ಮಾರಾಯ್ರೆ, ಒಂದು ಸಲ ಇದನ್ನು ಪೂರ್ತಿ ಓದಿ. ಬೈಕಂಪಾಡಿಯಿಂದ ತಂದ 12 ಇಂಚಿನ ಹಳೇ ಸರ್ಫೇಸ್ ಪ್ಲೇನರ್ (ನಡುವೆ ತಿರುಗುವ ಬ್ಲೇಡು, ಎರಡು ಬದಿಗೆ ಟೇಬಲ್ ಇರುವ ರಂದಾ ಮಷೀನು), ರಂದಾ ಹೊಡೆದ ಎರಡು ಹಲಗೆ ಅಂಚಿಗೆ ಅಂಚು ಇಟ್ಟರೆ ನಡುವಿನಲ್ಲಿ ಬೆಳಕು ಕಾಣ್ತದೆ, ಹಾಗಾಗಿ ಎರಡೂ ಟೇಬಲ್ ಸರ್ಫೇಸ್ ಗ್ರೈಂಡಿಂಗ್‌ಗೆ ಕೊಡ್ತೇನೆ ಅಂತ ಬರೆದಿದ್ದೀರಿ. ಗ್ರೈಂಡ್ ಮಾಡಿದರೆ ಒಂದೊಂದು ಟೇಬಲ್ ಅದರಷ್ಟಕ್ಕೆ ಚಪ್ಪಟೆ ಆಗ್ತದೆ, ಅಷ್ಟೆ. ತಂದು ಕೂರಿಸಿದ ಮೇಲೆ ಎರಡೂ ಒಂದೇ ಗೆರೆಗೆ ಬರ್ತದೆ ಅಂತ ಯಾರು ಹೇಳಿದ್ದು? ದುಡ್ಡು ಹೋಗ್ತದೆ, ಎರಕದ ದಪ್ಪವೂ ಹೋಗ್ತದೆ, ಬೆಳಕು ಅಲ್ಲೇ ಇರ್ತದೆ.

ನಡುವೆ ಬೆಳಕು ಅಂದರೆ ಟೇಬಲ್‌ಗಳ ಹೊರತುದಿ ಜೋತು ಬಿದ್ದು, ಕಟರ್ ಬ್ಲಾಕಿನ (ಬ್ಲೇಡು ಕೂರಿಸಿದ ತಿರುಗುವ ಭಾಗದ) ಹತ್ತಿರ ಎತ್ತರ ಆಗಿದೆ ಅಂತ. ತುದಿಗಳಲ್ಲಿ ಬೆಳಕು ಕಂಡು ನಡು ತಾಗಿದರೆ ಅದರ ಉಲ್ಟಾ. ಕಾರಣ ಹುಡುಕಲಿಕ್ಕೆ ನೆಲದಿಂದ ಶುರು ಮಾಡಿ. ಸಮ ಇಲ್ಲದ ಸಿಮೆಂಟ್ ನೆಲಕ್ಕೆ ನಾಲ್ಕೂ ಕಾಲು ಬೋಲ್ಟ್ ಹಾಕಿ ಬಿಗಿದರೆ ಎರಕದ ಬೇಸ್ ಕೂಡ ತಿರುಚಿಕೊಳ್ತದೆ. ಬೋಲ್ಟ್ ಎಲ್ಲ ಸಡಿಲಿಸಿ, ಯಾವ ಕಾಲಿನ ಅಡಿಗೆ ತಗಡು ಹೋಗ್ತದೆ ನೋಡಿ, ಅಲ್ಲಿ ಪ್ಯಾಕಿಂಗ್ ಕೊಟ್ಟು ಮತ್ತೆ ಅಳೆಯಿರಿ. ಎಷ್ಟೋ ಮಷೀನು ಇಲ್ಲಿಗೇ ಸರಿ ಆಗ್ತದೆ.

ಅಳೆಯುವುದು ಅಂದರೆ ಅಲ್ಯೂಮಿನಿಯಂ ಸೆಕ್ಷನ್ ಇಟ್ಟು ಕಣ್ಣು ಕಿರಿದು ಮಾಡಿ ನೋಡುವುದಲ್ಲ, ಸ್ಪಿರಿಟ್ ಲೆವೆಲ್ ಕೂಡ ಬೇಡ. ಗ್ರೌಂಡ್ ಸ್ಟ್ರೇಟ್ ಎಡ್ಜ್ (ಅಂಚು ಗ್ರೈಂಡ್ ಮಾಡಿ ನೆಟ್ಟಗೆ ಮಾಡಿದ ಪಟ್ಟಿ) ಬೇಕು, ಮೀಟರಿಗಿಂತ ಚಿಕ್ಕದಾಗಬಾರದು. ಅದರ ಅಂಚಿಗೆ ತಾಗಿಸಿ ಚೂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಮಗುಚಿ ಅದೇ ಗೆರೆಗೆ ಹಿಡಿದರೆ ಅದೇ ನೆಟ್ಟಗೆ ಉಂಟಾ ಇಲ್ವಾ ಗೊತ್ತಾಗ್ತದೆ. ಇನ್‌ಫೀಡ್ (ಹಲಗೆ ಒಳಗೆ ಹೋಗುವ ಕಡೆಯ ಟೇಬಲ್) ಏರಿಸಿ ಔಟ್‌ಫೀಡ್ (ಹೊರಗೆ ಬರುವ ಕಡೆಯದ್ದು) ಮಟ್ಟಕ್ಕೆ ತನ್ನಿ, ಬ್ಲೇಡುಗಳು ಮೇಲಕ್ಕೆ ಬಾರದ ಹಾಗೆ ಬ್ಲಾಕ್ ತಿರುಗಿಸಿಡಿ, ಎರಡೂ ಟೇಬಲ್‌ನ ಲಾಕ್ ಬಿಗಿದ ಮೇಲೆಯೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಎಲೆಗಳು) ಹಾಕಿ. ಲಾಕ್ ಸಡಿಲ ಇರುವಾಗ ಅಳೆದ ಲೆಕ್ಕಕ್ಕೆ ಅರ್ಥ ಇಲ್ಲ. ಇಡೀ ಉದ್ದಕ್ಕೆ 0.1 ಮಿಮೀ ಎಲೆ ಎಲ್ಲೂ ನುಗ್ಗದಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಆಸೆ ಮರಗೆಲಸಕ್ಕೆ ಬೇಡ.

ಜೋತಿರುವುದು ಹೌದಾದರೆ ಮೊದಲು ಜಿಬ್ ಸ್ಕ್ರೂ, ಅಂದರೆ ಟೇಬಲ್ ಜಾರುವ ಜಾಗದ ಸಡಿಲ ತೆಗೆಯುವ ಪಟ್ಟಿಯ ಸ್ಕ್ರೂ. ಟೇಬಲ್ ಜಾರುವ ಡವ್‌ಟೇಲ್ ಸಂದಿನಲ್ಲಿ ಹಳೇ ಗ್ರೀಸು, ಮರದ ಹುಡಿ ಸೇರಿ ಕಲ್ಲಾಗಿರ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಟೇಬಲ್ ಸರಿಯುವಾಗ ಸ್ವಲ್ಪ ಬಿಗಿ ಅನ್ನಿಸುವಷ್ಟು ಜಿಬ್ ಹಿಡಿಸಿ. ಆಮೇಲೂ ಜೋತಿದ್ದರೆ ಮಾತ್ರ ಶಿಮ್ (ಅಡಿಗೆ ಕೊಡುವ ತೆಳು ತಗಡು): ಹೊರತುದಿಯ ಕಡೆ, ಬೇಸ್ ಮತ್ತು ಟೇಬಲ್‌ನ ಜಾರುಮೈ ನಡುವೆ, 0.05 ಮಿಮೀ ಹಿತ್ತಾಳೆ ಶಿಮ್ ಸ್ಟಾಕ್. ಎರಡೂ ಬದಿಗೆ ಸಮ ಕೊಡಿ, ಇಲ್ಲದಿದ್ದರೆ ಜೋತದ್ದು ಹೋಗಿ ತಿರುಚು ಬರ್ತದೆ. ರಟ್ಟು, ಸಿಗರೇಟ್ ಪ್ಯಾಕಿನ ಹಾಳೆ ಹಾಕುವವರಿದ್ದಾರೆ. ನಮ್ಮ ಊರಿನ ಮಳೆಗಾಲಕ್ಕೆ ಅದು ಉಬ್ಬಿ ಜುಲೈಯಲ್ಲಿ ಲೆಕ್ಕ ತಪ್ಪುತ್ತದೆ.

ಔಟ್‌ಫೀಡ್ ಎತ್ತರ ಬೇರೆಯೇ ವಿಷಯ, ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಹಲಗೆಯ ಕೊನೆಯ ಎರಡು ಇಂಚಿನಲ್ಲಿ ಗುಳಿ ಬಿದ್ದರೆ ಔಟ್‌ಫೀಡ್ ತಗ್ಗಿದೆ. ಹಲಗೆಯ ಮುಂಭಾಗ ಔಟ್‌ಫೀಡ್‌ನ ತುಟಿಗೆ (ಬ್ಲಾಕಿನ ಕಡೆಯ ಅಂಚಿಗೆ) ಡಿಕ್ಕಿ ಹೊಡೆದರೆ, ಅಥವಾ ಹಿಂದೆ ಹೋದ ಹಾಗೆ ಕಟ್ ಸಿಗುವುದೇ ನಿಂತರೆ, ಅದು ಎತ್ತರ ಆಗಿದೆ.

ಬ್ಲೇಡ್ ಹಾಕುವಾಗ ಮೈನ್ ಫ್ಯೂಸ್ ಕಿತ್ತು ಕಿಸೆಯಲ್ಲಿ ಹಾಕಿಕೊಳ್ಳಿ, ಬೆಲ್ಟ್ ಕಳಚಿ. ಬ್ಲೇಡ್ ಬ್ಲಾಕಿನಿಂದ ಹೊರಗೆ ಒಂದು ಮಿಮೀ ಆಸುಪಾಸು ಸಾಕು. ನೇರ ಇರುವ ಸಾಗುವಾನಿ ಪಟ್ಟಿಯೊಂದನ್ನು ಔಟ್‌ಫೀಡ್ ಮೇಲೆ ಬ್ಲಾಕಿನ ಆಚೆಗೆ ಚಾಚುವ ಹಾಗೆ ಇಟ್ಟು, ಟೇಬಲ್ ತುಟಿಯ ನೇರಕ್ಕೆ ಪಟ್ಟಿಯಲ್ಲಿ ಪೆನ್ಸಿಲ್ ಗುರುತು ಹಾಕಿ, ಬ್ಲಾಕನ್ನು ಕೈಯಲ್ಲಿ ಉಲ್ಟಾ ತಿರುಗಿಸಿ. ಬ್ಲೇಡ್ ಪಟ್ಟಿಯನ್ನು ಎತ್ತಿ ಸ್ವಲ್ಪ ದೂರ ಒಯ್ದು ಬಿಡ್ತದೆ. ಗುರುತು ಎಷ್ಟು ಸರಿಯಿತೋ ಅದೇ ಅಳತೆ. 4 ಇಂಚು ವ್ಯಾಸದ ಬ್ಲಾಕಿನಲ್ಲಿ 3 ಮಿಮೀ ಸರಿದರೆ ಬ್ಲೇಡ್ ಟೇಬಲ್‌ಗಿಂತ ಸುಮಾರು 0.02 ಮಿಮೀ ಮೇಲೆ ಉಂಟು ಅಂತ ಲೆಕ್ಕ. ಪ್ರತಿ ಬ್ಲೇಡಿಗೂ ಎರಡು ತುದಿ, ಒಂದು ನಡು, ಎಲ್ಲ ಕಡೆ ಅದೇ 3 ಬರಬೇಕು. ಒಂದು ಬ್ಲೇಡ್ 3, ಇನ್ನೊಂದು 8 ಅಂದರೆ ಕೆಲಸ ಮಾಡುವುದು ಒಂದೇ ಬ್ಲೇಡ್, ಉಳಿದದ್ದು ಗಾಳಿ ಕಡೀತದೆ, ಹಲಗೆಯಲ್ಲಿ ಅಲೆ ಏಳ್ತದೆ. ಬ್ಲೇಡ್ ಹಿಡಿದಿಡುವ ವೆಜ್ ಬೋಲ್ಟ್‌ಗಳನ್ನು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಯಾಕೆಂದರೆ ಬಿಗಿಯುವಾಗಲೇ ಬ್ಲೇಡ್ ಮೇಲೇರುವುದು. ಪ್ರತಿ ಸುತ್ತಿಗೂ ಪಟ್ಟಿ ಇಟ್ಟು ನೋಡಿ. ಸ್ಪ್ಯಾನರಿಗೆ ಪೈಪ್ ಹಾಕಿ ಎಳೆದರೆ ಥ್ರೆಡ್ ಸೋಲ್ತದೆ. ಆಮೇಲೆ ಆ ಬ್ಲೇಡ್ ಎಲ್ಲಿಗೆ ಹಾರ್ತದೆ ಅಂತ ನಾನು ಹೇಳಬೇಕಾ?

ಸಾಣೆಗೆ ಕೊಟ್ಟ ಬ್ಲೇಡು ವಾಪಸ್ ಬಂದಾಗ ಚಿನ್ನದ ಅಂಗಡಿಯವರ ತಕ್ಕಡಿಯಲ್ಲಾದರೂ ತೂಗಿ. ಒಂದು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಭಾರದ್ದನ್ನು ಬೆನ್ನಿನ ಕಡೆ ತೇಯಿಸಿ, ಅಂಚಿನ ಕಡೆ ಅಲ್ಲ. ಮತ್ತೆ, ನಿಮ್ಮ ಬ್ಲಾಕ್ ಚೌಕದ್ದಾದರೆ ಇಷ್ಟೆಲ್ಲ ಬೇಡವೇ ಬೇಡ. ಅದು ಬೆರಳು ತಿನ್ನುವ ಜಾತಿ, ಮೊದಲು ದುಂಡು ಬ್ಲಾಕ್ ಹಾಕಿಸಿ.

ಬೇರಿಂಗ್ ಬದಲಿಸ್ತೇನೆ ಅಂದಿರಿ. ಅದರ ಮೈಮೇಲಿನ ನಂಬರ್ ಓದಿಯೇ ತನ್ನಿ, "12 ಇಂಚಿನ ಪ್ಲೇನರಿಗೆ ಕೊಡಿ" ಅಂತ ಕೇಳಬೇಡಿ. ಹುಡಿ ಇರುವ ಜಾಗ, 2ಆರ್‌ಎಸ್ ಸೀಲ್ (ಎರಡೂ ಬದಿಗೆ ರಬ್ಬರ್ ಮುಚ್ಚಳ) ಇರುವುದೇ ಆಗಬೇಕು. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ ಯಾವುದಾದರೂ ನಡೆಯುತ್ತದೆ, ಆದರೆ ಬಿಲ್ ಕೊಡುವ ಡೀಲರ್ ಹತ್ತಿರ ತಗೊಳ್ಳಿ. ಅರ್ಧ ಬೆಲೆಗೆ ಸಿಗುವ ಡಬ್ಬಿಯ ಮೇಲೆ ಹೆಸರು ಮಾತ್ರ ಅಸಲಿ. ಶಾಫ್ಟಿಗೆ ಹಾಕುವಾಗ ಒಳಗಿನ ರೇಸಿಗೆ (ಬಳೆಗೆ) ಮಾತ್ರ ಪೈಪ್ ಇಟ್ಟು ಒತ್ತಿ, ಹೊರರೇಸಿಗೆ ಸುತ್ತಿಗೆ ತಾಗಿದರೆ ಹೊಸ ಬೇರಿಂಗ್ ಅಲ್ಲಿಯೇ ಹಾಳು. ಸೀಲ್ ಇದ್ದದ್ದನ್ನು ಎಣ್ಣೆಯಲ್ಲಿ ಕಾಯಿಸಬಾರದು, 80 ಡಿಗ್ರಿ ದಾಟಲೂ ಬಾರದು.

ಮೋಟಾರ್ ಬದಲಿಸುವವರು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡುವುದೇ ಇಲ್ಲ. 1440ರ ಮೋಟಾರಿಗೆ 8 ಇಂಚು, ಬ್ಲಾಕಿಗೆ 3 ಇಂಚು ಪುಲ್ಲಿ ಇದ್ದರೆ ಬ್ಲಾಕ್ ತಿರುಗುವುದು 3840. ಅದೇ ಪುಲ್ಲಿ ಕಿತ್ತು 2880ರ ಮೋಟಾರಿಗೆ ಹಾಕಿದರೆ 7680. ಹತ್ತಿರ ನಿಲ್ಲಬೇಡಿ.

ತುಕ್ಕಿಗೆ ಆಂಗಲ್ ಗ್ರೈಂಡರ್‌ನಲ್ಲಿ ಫ್ಲಾಪ್ ಡಿಸ್ಕ್ ಹಾಕಿದ್ದು ಫೋಟೋದಲ್ಲೇ ಕಾಣ್ತದೆ, ಚಂದ್ರಾಕಾರದ ಗುರುತು ಬಿದ್ದಿದೆ. ಇನ್ನು ಅದನ್ನು ಮುಟ್ಟಬೇಡಿ. 320ರ ವಾಟರ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಸೀಮೆಎಣ್ಣೆ ಹಾಕಿ ಉದ್ದಕ್ಕೆ ಉಜ್ಜಿ, ಒರೆಸಿ ಒಣಗಿಸಿ ಮೇಣ ಹಚ್ಚಿ. ಸಿಲಿಕಾನ್ ಸ್ಪ್ರೇ ಬೇಡ, ಹಲಗೆಗೆ ಹತ್ತಿ ಆಮೇಲೆ ಪಾಲಿಶ್‌ನಲ್ಲಿ ಕಣ್ಣು ಕಣ್ಣು ಏಳ್ತದೆ. ಮಳೆಗಾಲಕ್ಕೆ ಟಾರ್ಪಾಲ್ ಬಿಗಿದು ಕಟ್ಟಿದರೆ ಒಳಗೆ ಬೆವರಿ ಇನ್ನೂ ಹೆಚ್ಚು ತುಕ್ಕು. ಹಳೇ ಹತ್ತಿ ಬೆಡ್‌ಶೀಟ್ ಹೊದೆಸಿ, ಹದಿನೈದು ದಿನಕ್ಕೊಮ್ಮೆ ಮೇಣ ಹಚ್ಚಿ ಇಡಿ.

ಕಾಲಿನ ಬೋಲ್ಟ್ ಸಡಿಲಿಸಿದ ಮೇಲೆ ಫೀಲರ್ ಎಷ್ಟು ತೋರಿಸಿತು ಅಂತ ಇಲ್ಲೇ ಹಾಕಿ, ಶಿಮ್ ಎಷ್ಟು ಬೇಕು ನೋಡುವ.