ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದರೆ ಸಾಕೇ? ಕಾಸರಗೋಡಿನಿಂದ ಒಂದು ಉತ್ತರ

ಕಾಸರಗೋಡಿನ ಕನ್ನಡಿಗರ ಆರೋಗ್ಯದ ಬಗ್ಗೆ ಅಧ್ಯಯನ ನಡೆಸಲು ಹೊರಟಿರುವ ತಾವು, ಮಲಯಾಳದ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿಕೊಂಡರೆ ಸಾಕಾಗುವುದೇ ಎಂದು ಕೇಳಿದ್ದೀರಿ. ಅನುವಾದ ಬೇಕೇ ಬೇಕು. ಆದರೆ ಅದರಿಂದ ಕೆಲಸದ ಕಾಲುಭಾಗವೂ ಮುಗಿಯುವುದಿಲ್ಲ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಅಭಿಪ್ರಾಯ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ, ಅದರಲ್ಲೂ ಚಂದ್ರಗಿರಿ ಹೊಳೆಯ ಬಡಗು ಭಾಗದಲ್ಲಿ, ಕನ್ನಡವು ಬಹಳ ಜನರಿಗೆ ಶಾಲೆಯ, ಪತ್ರಿಕೆಯ, ಮದುವೆ ಕಾಗದದ ಭಾಷೆ. ಮನೆಯೊಳಗೆ ತುಳುವೋ ಹವ್ಯಕವೋ ಮರಾಟಿಯೋ ಕೊಂಕಣಿಯೋ ಬ್ಯಾರಿಯೋ ನಡೆಯುತ್ತದೆ, ಹೊಟ್ಟೆನೋವನ್ನು ಹೇಳಿಕೊಳ್ಳುವುದೂ ಆ ಮಾತಿನಲ್ಲಿಯೇ. ಆರೋಗ್ಯ ಕೇಂದ್ರಕ್ಕೆ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ವೈದ್ಯರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ, ತುಳು ಮಾತನಾಡುವ ಅಜ್ಜಿಯ ಪಕ್ಕದಲ್ಲಿ ಆಶಾ ಕಾರ್ಯಕರ್ತೆ ದುಭಾಷಿಯಾಗಿ ನಿಲ್ಲುತ್ತಾಳೆ. ಎದ್ದ ಕೂಡಲೇ ತಲೆ ತಿರುಗುತ್ತದೆ, ಕಷಾಯ ಕುಡಿದ ದಿನದಿಂದ ಪ್ರೆಶರಿನ ಮಾತ್ರೆ ಬಿಟ್ಟಿದ್ದೇನೆ, ಮಗನಿಗೆ ಗೊತ್ತಾದರೆ ಬೈಯುತ್ತಾನೆ ಎಂದು ಅಜ್ಜಿ ಹೇಳಿದ್ದೆಲ್ಲ ಹೊರಗೆ ಕಾಯುತ್ತಿರುವ ಸಾಲಿನ ಅವಸರದಲ್ಲಿ ‘ತಲೆಸುತ್ತಂತೆ’ ಎಂಬಷ್ಟಕ್ಕೆ ಇಳಿಯುತ್ತದೆ. ಇದರಲ್ಲಿ ಆ ಕಾರ್ಯಕರ್ತೆಯ ತಪ್ಪೇನೂ ಇಲ್ಲ. ದುಭಾಷಿಯ ಕೆಲಸಕ್ಕೆ ಆಕೆಗೆ ಯಾರೂ ತರಬೇತಿ ಕೊಟ್ಟಿಲ್ಲ, ಸಂಬಳವನ್ನೂ ಕೊಡುವುದಿಲ್ಲ.

ಕಷಾಯದ ಮಾತು ಬಂದದ್ದರಿಂದ ಹೇಳುತ್ತೇನೆ. ತುಳುವರ ಲೆಕ್ಕದ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಗಾಗುವ ಮೊದಲೇ ಹಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಅದರ ರಸವನ್ನು ಬರಿ ಹೊಟ್ಟೆಯಲ್ಲಿ ಕುಡಿದು, ಮೇಲಿಂದ ಮೆಂತೆ ಗಂಜಿ ಉಣ್ಣುವ ರೂಢಿ ತುಳುನಾಡಿನ ಬಹಳ ಮನೆಗಳಲ್ಲಿದೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದು ವಿಷವೇ ಸರಿ. ಹೀಗಿರುವಾಗ ‘ಇತರ ಚಿಕಿತ್ಸೆ ಪಡೆಯುತ್ತಿದ್ದೀರಾ? ಹೌದು/ಇಲ್ಲ’ ಎಂಬ ಪ್ರಶ್ನೆಗೆ ನಮ್ಮವರು ಧೈರ್ಯವಾಗಿ ‘ಇಲ್ಲ’ ಎನ್ನುತ್ತಾರೆ, ಏಕೆಂದರೆ ಕಷಾಯ ಅವರ ಪಾಲಿಗೆ ಚಿಕಿತ್ಸೆಯಲ್ಲ, ಆ ದಿನದ ಕ್ರಮ. ಬಾಣಂತಿಯ ಪಥ್ಯ, ಸರ್ಪಸುತ್ತಿಗೆ ಹಚ್ಚುವ ಹಳ್ಳಿಮದ್ದು, ದೈವಕ್ಕೆ ಹೇಳಿಕೊಂಡ ಹರಕೆ ಇವೆಲ್ಲವೂ ಹೀಗೆಯೇ ಕೈತಪ್ಪುತ್ತವೆ. ಮೂಢನಂಬಿಕೆ ಎಂದು ಮುಖ ಸಿಂಡರಿಸುವವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ‘ಈ ಸಲ ಆಟಿಗೆ ಏನು ಕುಡಿದಿರಿ?’ ಎಂದು ಕೇಳುವವರಿಗೆ ಎಲ್ಲವನ್ನೂ ಹೇಳುತ್ತಾರೆ.

ಎಂಡೋಸಲ್ಫಾನಿನ ಇತಿಹಾಸ ತಿಳಿಯದೆ ದಯವಿಟ್ಟು ಈ ಕಡೆ ಬರಬೇಡಿ. ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ರೋಗಗಳು ಮನೆಮನೆಗೆ ಗುಂಪುಗೂಡುತ್ತಿರುವುದನ್ನು ಮೊದಲು ಗುರುತಿಸಿದವರು ವಾಣಿನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಯಾವ ಮನೆಯಲ್ಲಿ ಯಾರ ಮಗು ಹೇಗಿದೆ ಎಂಬುದನ್ನು ಬಲ್ಲ ಊರ ವೈದ್ಯರಾದುದರಿಂದಲೇ ಅದು ಅವರ ಕಣ್ಣಿಗೆ ಬಿತ್ತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಪಡ್ರೆಯ 117 ಹುಡುಗರನ್ನು ಸಿಂಪಡಣೆ ನಡೆಯದ ಬೇರೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿ, ವಿಷಕ್ಕೆ ಒಡ್ಡಿಕೊಂಡವರಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದೆಂದು 2003ರಲ್ಲಿ ಪ್ರಕಟಿಸಿದರು. ಸಂಖ್ಯೆ ಸಣ್ಣದು, ಭಾಗವಹಿಸದೆ ಉಳಿದವರೂ ಇದ್ದಾರೆ ಎಂಬುದು ತಮ್ಮ ಅಧ್ಯಯನದ ಮಿತಿಯೆಂದು ಆ ಲೇಖಕರೇ ಒಪ್ಪಿಕೊಂಡಿದ್ದಾರೆ. ಹದಿಹರೆಯದ ಹುಡುಗರ ಬಟ್ಟೆ ಬಿಚ್ಚಿಸಿ ನೋಡಬೇಕಾದ ತಪಾಸಣೆ ಅದು. ಯಾರು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ, ತಾಯಿಯ ಎದುರಿಗೋ ಮಾಸ್ತರರ ಎದುರಿಗೋ ಎಂಬುದೆಲ್ಲ ಅಂಥಲ್ಲಿ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯದೆ ಅಂಕಿಅಂಶದ ಗುಣಮಟ್ಟದ ಪ್ರಶ್ನೆಯೇ ಆಗಿಬಿಡುತ್ತದೆ.

ಆಮೇಲೆ ಬಂದ ತಂಡಗಳು ಬಹಳ. ರಕ್ತ ತೆಗೆದುಕೊಂಡು ಹೋದವರು ವರದಿ ಕೊಡಲು ತಿರುಗಿ ಬರಲಿಲ್ಲ ಎಂಬ ಅಸಮಾಧಾನವನ್ನು ನೀವು ಯಾವ ಜಗಲಿಯಲ್ಲಿ ಕುಳಿತರೂ ಕೇಳುವಿರಿ.

ಕೊರಗರನ್ನು ‘ಕನ್ನಡ ಅಲ್ಪಸಂಖ್ಯಾತರು’ ಎಂಬ ಲೆಕ್ಕಕ್ಕೆ ಸೇರಿಸಿ ಮುಂದೆ ಸಾಗಬೇಡಿ. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದಾದ ಅವರಿಗೆ ಅವರದೇ ಮಾತಿದೆ. ಮಲಯಾಳಿಗಳಂತೆ ಕನ್ನಡಿಗರೂ ತುಳುವರೂ ಅವರನ್ನು ತಲೆಮಾರುಗಳ ಕಾಲ ಅಂಗಳದಾಚೆ ನಿಲ್ಲಿಸಿದವರೇ. ಆದಕಾರಣ ಕನ್ನಡ ಬಲ್ಲ ಮೇಲ್ಜಾತಿಯ ಸಮೀಕ್ಷಕನೊಬ್ಬ ಹೋದರೆ ಭಾಷೆಯ ತೊಡಕು ಸ್ವಲ್ಪ ನೀಗಬಹುದು, ಸಂಕೋಚ ನೀಗಲಾರದು. ಆ ಸಮುದಾಯದವರೇ ಆದ, ಬುಡಕಟ್ಟು ಇಲಾಖೆ ನೇಮಿಸುವ ಎಸ್.ಟಿ. ಪ್ರಮೋಟರುಗಳನ್ನೂ ಓದಿದ ಹುಡುಗಿಯರನ್ನೂ ಪ್ರಶ್ನೆ ರೂಪಿಸುವ ಹಂತದಿಂದಲೇ ಜೊತೆಗಿಟ್ಟುಕೊಳ್ಳಿ. ಒಪ್ಪಿಗೆ ಪತ್ರವು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದಲು ಬಾರದವರ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಹೆಬ್ಬೆಟ್ಟು ಒತ್ತಿ ಜಾಗ ಕಳೆದುಕೊಂಡ ಕಥೆಗಳಿರುವ ಕುಟುಂಬದಲ್ಲಿ ಆ ಸಾಕ್ಷಿ ಪಂಚಾಯತಿನ ಮೆಂಬರೋ ಧಣಿಯೋ ಆಗಿದ್ದರೆ ನಿಷ್ಪಕ್ಷಪಾತ ಎಲ್ಲಿ ಬಂತು?

ಇನ್ನೊಂದು ತೊಡಕು ದಾಖಲೆಗಳದು. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರೇ ನಮ್ಮ ದೊಡ್ಡಾಸ್ಪತ್ರೆ. ತಿರುವನಂತಪುರ 550 ಕಿ.ಮೀ. ಆಚೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿದಾಗ ರೋಗಿಗಳು ರಸ್ತೆಯಲ್ಲೇ ಸಿಕ್ಕಿಬಿದ್ದರು, ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕೇರಳದ ಆಸ್ಪತ್ರೆಗಳ ಕಡತಗಳನ್ನಷ್ಟೇ ನೋಡಿ ಗಡಿಯಂಚಿನ ಮಂಜೇಶ್ವರದಲ್ಲಿ ಹೃದ್ರೋಗ ಕಡಿಮೆ ಎಂದು ತೀರ್ಮಾನಿಸುವವರಿಗೆ ಆ ರೋಗಿಗಳು ಗಡಿ ದಾಟಿ ಹೋಗಿರುವುದು ಕಾಣುವುದೇ ಇಲ್ಲ. ಮಂಗಳೂರಿನ ಕಡತಗಳಿಗೂ ಅನುಮತಿ ಪಡೆಯಿರಿ.

ಕೊನೆಯದಾಗಿ, ಫಲಿತಾಂಶವನ್ನು ಊರಿಗೆ ಹೇಳುವ ಖರ್ಚನ್ನು ಅನುದಾನದ ಅರ್ಜಿಯಲ್ಲಿಯೇ ಬರೆಯಿರಿ: ವಾಹನ, ಚಹಾ-ತಿಂಡಿ, ತುಳುವಿನಲ್ಲಿಯೂ ಕೊರಗರ ಮಾತಿನಲ್ಲಿಯೂ ವಿವರಿಸುವವರ ಒಂದು ದಿನದ ಕೂಲಿ. ಆ ಸಭೆಯನ್ನು ಭಾನುವಾರ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ, ಉಳಿದ ದಿನಗಳಲ್ಲಿ ಅಡಕೆ ತೋಟದ ಕೆಲಸ ಬಿಟ್ಟು ಬರುವವರಿಲ್ಲ.