ದೀಪ ಹಚ್ಚುವವರ ರಾಜಕೀಯ

ನಿತ್ಯ ಪೂಜೆ ಮಾಡುವ ನಿಮ್ಮನ್ನು ಮಗ ‘ಸಂಪ್ರದಾಯವಾದಿ’ ಎಂದನೆಂದೂ, ದೇವರನ್ನು ನಂಬದ ತಾನು ತಾನಾಗಿಯೇ ಉದಾರವಾದಿ ಎಂದು ವಾದಿಸಿದನೆಂದೂ ಬರೆದಿದ್ದೀರಿ. ‘ದೇವರಿಗೆ ದೀಪ ಹಚ್ಚುವವಳು ಉದಾರವಾದಿಯಾಗಬಾರದೇ?’ ಎಂಬ ನಿಮ್ಮ ಪ್ರಶ್ನೆಯಲ್ಲಿ ನೋವಿದೆ. ಖಂಡಿತ ಆಗಬಹುದು.

ನಿಮ್ಮ ಮಗನ ಲೆಕ್ಕ ನಮ್ಮ ದೇಶದ ಚರಿತ್ರೆಯಲ್ಲೇ ತಾಳೆಯಾಗುವುದಿಲ್ಲ. 1923ರಲ್ಲಿ ಹಿಂದುತ್ವದ ಸಿದ್ಧಾಂತವನ್ನು ಪುಸ್ತಕವಾಗಿಸಿದ ಸಾವರ್ಕರ್, ಗೋವು ಉಪಯುಕ್ತ ಪ್ರಾಣಿಯೇ ಹೊರತು ಪೂಜಿಸಬೇಕಾದದ್ದಲ್ಲ ಎಂದವರು. ತಮ್ಮ ಅಂತ್ಯಕ್ರಿಯೆಗೂ ವಿಧಿಗಳು ಬೇಡವೆಂದವರು. ಆದರೆ ದಿನವೂ ಪ್ರಾರ್ಥನಾಸಭೆ ನಡೆಸುತ್ತಿದ್ದ ಗಾಂಧಿ, ಧರ್ಮ ಅವರವರ ಸ್ವಂತ ವಿಚಾರ, ಸರ್ಕಾರಕ್ಕೆ ಅದರಲ್ಲಿ ಕೆಲಸವಿಲ್ಲ ಎಂದರು. ಆಚರಣೆಗಳಿಂದ ದೂರವೇ ಇದ್ದ ಜಿನ್ನಾ ಮುಸ್ಲಿಮರಿಗೆ ಬೇರೆ ದೇಶ ಕೇಳಿದರು. ಕುರಾನಿಗೆ ವ್ಯಾಖ್ಯಾನ ಬರೆದ ಮೌಲಾನಾ ಆಜಾದ್ ವಿಭಜನೆಯನ್ನು ವಿರೋಧಿಸಿದರು.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಆಂಧ್ರದ ಗೋರಾ ಅವರ ಕಥೆ. ನಾಸ್ತಿಕತೆಗಾಗಿ ಕಾಲೇಜಿನ ಕೆಲಸ ಕಳೆದುಕೊಂಡ ಈ ಗೋಪರಾಜು ರಾಮಚಂದ್ರ ರಾವ್, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು. ಅಸ್ಪೃಶ್ಯತೆ ಅಳಿಸುವ ಕೆಲಸವೇ ಅವರನ್ನು ಗಾಂಧಿಯ ಬಳಿಗೆ ಕರೆತಂದದ್ದು. ದೇವರ ವಿಚಾರದಲ್ಲಿ ಇಬ್ಬರೂ ವಾದ ಮಾಡಿದರು, ಒಬ್ಬರೂ ಪಟ್ಟು ಸಡಿಲಿಸಲಿಲ್ಲ. ಆದರೂ ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆ ತಮ್ಮ ಸೇವಾಗ್ರಾಮ ಆಶ್ರಮದಲ್ಲೇ ನಡೆಯಲೆಂದು ಗಾಂಧಿ ಒಪ್ಪಿದರು. 1948ರಲ್ಲಿ ಅದು ಅಲ್ಲೇ ನಡೆಯಿತು. ಅಷ್ಟರಲ್ಲಿ ಗಾಂಧಿಯ ಹತ್ಯೆಯಾಗಿತ್ತು. ಜಾತಿಯ ವಿಷಯದಲ್ಲಿ ಒಂದೇ ದಾರಿ ಹಿಡಿಯಲು ಅವರಿಗೆ ದೇವರ ಬಗ್ಗೆ ಒಮ್ಮತವೇ ಬೇಕಾಗಲಿಲ್ಲ.

ಹಾಗೆಂದು ನಿಮ್ಮ ಮಗನ ಅನುಮಾನವನ್ನು ತಳ್ಳಿಹಾಕಬೇಡಿ. 1924ರಲ್ಲಿ ಕೇರಳದ ವೈಕಂ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಕೆಳಜಾತಿಯವರೆನಿಸಿಕೊಂಡವರು ನಡೆಯುವುದಕ್ಕೇ ಸತ್ಯಾಗ್ರಹ ಮಾಡಬೇಕಾಯಿತು. ಆ ಹೋರಾಟಕ್ಕೆ ಬಲ ತುಂಬಿದ ನಾರಾಯಣ ಗುರುಗಳು ದೇವರನ್ನು ನಂಬಿದವರು, ಮುಂದೆ ನಿಂತು ಜೈಲಿಗೆ ಹೋದ ಪೆರಿಯಾರ್ ನಂತರ ನಾಸ್ತಿಕತೆಯನ್ನೇ ಊರೂರಿಗೆ ಸಾರಿದವರು. ಬೀದಿಯನ್ನು ಮುಚ್ಚಿದ್ದವರೂ ಆಸ್ತಿಕರೇ ಆಗಿದ್ದರೆಂಬುದನ್ನು ನಾವು, ದೀಪ ಹಚ್ಚುವವರು, ಮರೆಯಕೂಡದು.

ಸಂಪ್ರದಾಯವಾದಿ, ಉದಾರವಾದಿ ಎಂಬ ಹೆಸರುಗಳನ್ನು ದೇವರ ಕೋಣೆಯಲ್ಲಿ ಹುಡುಕುವುದಕ್ಕಿಂತ, ಹುಟ್ಟಿನಿಂದ ಬಂದ ಮೇಲುಕೀಳನ್ನು ಒಬ್ಬರು ಎಷ್ಟು ಒಪ್ಪುತ್ತಾರೆ, ತಮಗಿಂತ ಬೇರೆಯಾಗಿ ಬದುಕುವವರಿಗೆ ಎಷ್ಟು ಜಾಗ ಬಿಡುತ್ತಾರೆ ಎಂಬುದರಲ್ಲಿ ನೋಡಬೇಕೆಂಬುದು ನನ್ನ ನಿಲುವು. ಮುಂದಿನ ಸಲ ಮಗ ವಾದಕ್ಕೆ ಕೂತಾಗ ಗೋರಾ ಮನೆಯ ಮದುವೆಯ ವಿಷಯ ತೆಗೆಯಿರಿ. ನಮ್ಮ ಮನೆಯಲ್ಲಿ ಅಂಥ ಸಂಬಂಧ ಬಂದರೆ ನೀನೇನು ಮಾಡುತ್ತೀ ಎಂದು ಕೇಳಿ, ನೀವೇನು ಮಾಡುವಿರೆಂದೂ ಅವನಿಗೆ ಹೇಳಿ.

– ಸಂಪಾದಕ