ಕಾರ್ಪೆಟ್ ಬ್ಲೋವರ್: ಎಚ್‌ಪಿ ಆಮೇಲೆ, ಮೊದಲು ಬಾಯಿ ನೋಡಿ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ಬಳ್ಳಾರಿಯಲ್ಲಿ ಸೋಫಾ, ಕಾರ್ಪೆಟ್ ಕ್ಲೀನಿಂಗ್ ಕೆಲಸ ನಡೆಸುವ ನಮ್ಮ ಅಂಕಣಕಾರರು.

ಪ್ರಶ್ನೆ: ಅಣ್ಣಾ, ನಾನು ಮನೆಮನೆಗೆ ಹೋಗಿ ಕಾರ್ಪೆಟ್ ಕ್ಲೀನ್ ಮಾಡುವ ಕೆಲಸ ಶುರು ಮಾಡಿದ್ದೇನೆ. ಶಾಂಪೂ ಮಷಿನ್, ವೆಟ್ ವ್ಯಾಕ್ಯೂಮ್ ಎರಡೂ ಇವೆ. ಆದರೆ ಕಾರ್ಪೆಟ್ ಒಣಗೋಕೆ ಒಂದು ದಿನ ಹಿಡಿಯುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಅಂಗಡಿಯಲ್ಲಿ ಎರಡು ನಮೂನೆ ಬ್ಲೋವರ್ ತೋರಿಸಿದರು. ಒಂದು ಬಸವನಹುಳು ಆಕಾರದ್ದು, ಇನ್ನೊಂದು ದುಂಡಗಿನ ಡಬ್ಬಿಯೊಳಗೆ ಫ್ಯಾನ್ ಇರುವಂಥದ್ದು. ಒಂದು ಎಚ್‌ಪಿದು ಒಂದು ತಗೊಳ್ಳಲಾ, ಅರ್ಧ ಎಚ್‌ಪಿದು ಎರಡು ತಗೊಳ್ಳಲಾ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಅರ್ಧ ಎಚ್‌ಪಿದು ಎರಡು ತಗೋ ತಮ್ಮಾ. ಬಸವನಹುಳು ಆಕಾರದ್ದೇ ಇರಲಿ.

ಯಾಕೆ ಅಂತ ಹೇಳ್ತೀನಿ. ಅಂಗಡಿಯವರು ಸಿಎಫ್‌ಎಂ ಅಂತ ಒಂದು ಸಂಖ್ಯೆ ತೋರಿಸುತ್ತಾರೆ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತಳ್ಳುತ್ತದೆ ಅನ್ನೋ ಲೆಕ್ಕ ಅದು. ನಮ್ಮ ಮನೆಯ 48 ಇಂಚಿನ ಸೀಲಿಂಗ್ ಫ್ಯಾನ್ 7,000 ಸಿಎಫ್‌ಎಂನ ಆಸುಪಾಸು ಗಾಳಿ ತಳ್ಳುತ್ತದೆ. ಅರ್ಧ ಎಚ್‌ಪಿ ಬ್ಲೋವರ್ 2,000ದ ಹತ್ತಿರ ಇರುತ್ತದೆ, ಅಷ್ಟೇ. ಸಂಖ್ಯೆ ನೋಡಿ ಕೊಳ್ಳೋದಾದರೆ ಬ್ಲೋವರೇ ಬೇಡ, ಫ್ಯಾನ್ ಹಾಕಿ ಕೂತರೆ ಸಾಕು, ಅಲ್ವಾ? ಆದರೆ ಫ್ಯಾನ್ ಗಾಳಿ ಇಡೀ ಕೋಣೆಗೆ ಹರಡಿ, ಕಾರ್ಪೆಟ್ ಮುಟ್ಟೋ ಹೊತ್ತಿಗೆ ಸುಸ್ತಾಗಿರುತ್ತದೆ. ಒದ್ದೆ ಕಾರ್ಪೆಟ್ಟಿನ ಮೇಲೆ ತೇವ ತುಂಬಿದ ಗಾಳಿಯ ತೆಳ್ಳನೆ ಪದರ ಕೂತಿರುತ್ತದೆ. ಅದನ್ನು ಕಿತ್ತು ಹಾಕಿದರೆ ಮಾತ್ರ ಕೆಳಗಿನ ನೀರು ಆವಿಯಾಗುತ್ತದೆ. ಬಸವನಹುಳು ಬ್ಲೋವರಿಗೆ ಚಪ್ಪಟೆ ಬಾಯಿ ಇದೆ. ಅದರಿಂದ ಹೊರಟ ಗಾಳಿ ನೆಲಕ್ಕೆ ಅಂಟಿಕೊಂಡೇ ದೂರದವರೆಗೆ ಓಡುತ್ತದೆ. ಕಾರ್ಪೆಟ್ಟಿನ ಅಡಿಗೆ, ಸೋಫಾದ ಸಂದಿಗೆ ನುಗ್ಗೋ ಜೋರೂ ಇದಕ್ಕೇ ಇದೆ. ದುಂಡಗಿನ ಫ್ಯಾನ್ ಅಷ್ಟೇ ಕರೆಂಟಿಗೆ ಜಾಸ್ತಿ ಗಾಳಿ ಕೊಡುತ್ತದೆ, ನಿಜ. ಆದರೆ ಅಡ್ಡ ಏನಾದರೂ ಬಂದರೆ ಸೋಲುತ್ತದೆ. ಅದು ದೊಡ್ಡ ಹಾಲಿಗೆ ಒಳ್ಳೇದು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡು. ಮಷಿನ್ ನೆಲದ ಮೇಲಿಟ್ಟು ಚಾಲೂ ಮಾಡಿಸು. ಎಂಟಡಿ ದೂರ ಹೋಗಿ ಕೂತು, ನ್ಯೂಸ್ ಪೇಪರಿನ ಒಂದು ಪಟ್ಟಿಯನ್ನು ನೆಲದಿಂದ ಒಂದಿಂಚು ಮೇಲೆ ಹಿಡಿ. ಪಟಪಟ ಅಂತ ಹೊಡೆದುಕೊಳ್ಳಬೇಕು. ಅದೇ ಪಟ್ಟಿಯನ್ನು ಮೊಣಕಾಲಿನ ಎತ್ತರಕ್ಕೆ ತಗೊಂಡು ಹೋಗು. ಅಲ್ಲೂ ಅಷ್ಟೇ ಜೋರಿದ್ದರೆ ಗಾಳಿ ಮೇಲಕ್ಕೆ ಪೋಲಾಗುತ್ತಿದೆ ಅಂತ ಅರ್ಥ. ಆಮೇಲೆ ಪಕ್ಕದ ಜಾಲರಿ ನೋಡು. ನಮ್ಮೂರಲ್ಲಿ ಇದು ಮುಖ್ಯ. ಗಣಿ ಕಡೆಯಿಂದ ಬರೋ ಕೆಂಪು ಧೂಳು ಅಲ್ಲಿ ನೂಲಿನ ಜೊತೆ ಸೇರಿ ಗಟ್ಟಿಯಾಗುತ್ತದೆ, ಗಾಳಿ ಕಟ್ಟುತ್ತದೆ, ಮೋಟರ್ ಕಾಯುತ್ತದೆ. ಜಾಲರಿ ಬಿಚ್ಚಿ ಒರೆಸೋಕೆ ಬರೋ ಹಾಗಿರಬೇಕು. ಮೋಟರ್ ಕಾದಾಗ ತಾನೇ ನಿಲ್ಲೋ ಥರ್ಮಲ್ ಕಟಾಫ್ ಇದೆಯಾ ಕೇಳು. ಮೂರು ಪಿನ್ನಿನ ಪ್ಲಗ್ ಇಲ್ಲದ್ದನ್ನು ಮುಟ್ಟಲೇಬೇಡ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಾಡೋ ಕೆಲಸ ಇದು, ಅರ್ಥಿಂಗ್ ಇಲ್ಲದೆ ಆಗೋದಿಲ್ಲ.

ಎರಡು ಚಿಕ್ಕದು ಯಾಕೆ ಅಂದರೆ, ಎರಡು ಮೂಲೆಯಿಂದ ಒಂದೇ ಸುತ್ತಿನಲ್ಲಿ ಗಾಳಿ ತಿರುಗಿಸಬಹುದು. ಗೋಡೆಗೆ ಓರೆಯಾಗಿ ಇಟ್ಟು, ಒಂದರ ಗಾಳಿ ಇನ್ನೊಂದರ ಬೆನ್ನಿಗೆ ಹೋಗೋ ಹಾಗೆ ಮಾಡು. ಎದುರು ಬದುರು ಇಟ್ಟರೆ ನಡುವೆ ಒಂದು ಪಟ್ಟಿ ಹಸಿಯಾಗೇ ಉಳಿಯುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲೋದಿಲ್ಲ. ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವಾಗ ನಿನ್ನ ಸೊಂಟವೂ ಉಳಿಯುತ್ತದೆ.

ಆದರೆ ತಮ್ಮಾ, ನೀನು ಬರೆದಿದ್ದರಲ್ಲಿ ನನಗೆ ಅನುಮಾನ ಬಂದದ್ದು ‘ಒಂದು ದಿನ’ ಅನ್ನೋ ಮಾತಿಗೆ. ಬಳ್ಳಾರಿಯ ಬಿಸಿಲಿಗೆ ಅಷ್ಟು ಹೊತ್ತು ಹಿಡಿಯುತ್ತಿದೆ ಅಂದರೆ ವ್ಯಾಕ್ಯೂಮಿನಲ್ಲಿ ನೀರು ಸರಿಯಾಗಿ ಎಳೆದಿಲ್ಲ. ಬ್ಲೋವರ್ ನೀರು ಎಳೆಯೋ ಮಷಿನ್ ಅಲ್ಲ. ಶಾಂಪೂ ಮುಗಿದ ಮೇಲೆ, ನೀರು ಬಿಡದೆ, ಅದೇ ಜಾಗದಲ್ಲಿ ನಿಧಾನವಾಗಿ ಮತ್ತೆ ಮತ್ತೆ ಎಳಿ. ಬಿಳಿ ಟವೆಲ್ ಹಾಸಿ ಹಿಮ್ಮಡಿಯಿಂದ ಒತ್ತಿ ನೋಡು. ಟವೆಲ್ ತೊಯ್ದರೆ ಇನ್ನೂ ಎಳೆಯೋದಿದೆ. ಬರೀ ತಣ್ಣಗೆ ಅನ್ನಿಸಿದರೆ ಬ್ಲೋವರ್ ಹಚ್ಚು. ಹೀಗೆ ಮಾಡಿದರೆ ಬೇಸಿಗೆಯಲ್ಲಿ ಕೆಲವೇ ಗಂಟೆಯಲ್ಲಿ ಗಿರಾಕಿ ಕಾಲಿಡಬಹುದು.

ಇನ್ನೊಂದು ಲಾಭ ಇದೆ. ‘ಹೋದ ಕಲೆ ಮರುದಿನ ಮತ್ತೆ ಬಂತು’ ಅಂತ ಫೋನ್ ಬರುತ್ತದಲ್ಲ, ಅದು ಕಡಿಮೆಯಾಗುತ್ತದೆ. ಕಾರ್ಪೆಟ್ ನಿಧಾನ ಒಣಗಿದಾಗ ಬುಡದಲ್ಲಿದ್ದ ಕೊಳೆ ನೀರಿನ ಜೊತೆ ನೂಲಿನ ತುದಿಗೆ ಏರುತ್ತದೆ. ನೀರು ಹಾರುತ್ತದೆ, ಕೊಳೆ ತುದಿಯಲ್ಲಿ ಕೂರುತ್ತದೆ. ಅಡಿಯಲ್ಲಿ ಸೆಣಬಿನ ನೇಯ್ಗೆ ಇದ್ದರೆ ಕಂದು ಬಣ್ಣವೂ ಮೇಲೆ ಬರುತ್ತದೆ. ಬ್ಲೋವರ್ ಹಚ್ಚೋ ಮೊದಲು ಸುತ್ತಲಿನ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸು. ಇಲ್ಲದಿದ್ದರೆ ಆ ಕೆಂಪು ಧೂಳನ್ನೇ ಹಸಿ ಕಾರ್ಪೆಟ್ಟಿಗೆ ಊದುತ್ತೀಯ.

ಪ್ರಶ್ನೆ: ಹಾಲಿನ ಕಾರ್ಪೆಟ್ ತೊಳೆಸಿದೆವು. ಬೇಗ ಒಣಗಲಿ ಅಂತ ಕಿಟಕಿ ಹಾಕಿ ಕೂಲರ್ ಹಚ್ಚಿದೆವು. ಎರಡು ದಿನ ಆದರೂ ಹಸಿ ಇತ್ತು, ಈಗ ಮುಗ್ಗಲು ವಾಸನೆ. ಬ್ಲೋವರ್ ಕೊಳ್ಳಬೇಕಾ?
– ಓದುಗರು, ರಾಯಚೂರು

ಉತ್ತರ: ಅಕ್ಕಾವ್ರೇ, ಕೂಲರ್ ಗಾಳಿಗೆ ನೀರು ಸೇರಿಸೋ ಯಂತ್ರ. ಕಿಟಕಿ ಬೇರೆ ಹಾಕಿದ್ದೀರಿ. ಆ ಕೋಣೆಯಲ್ಲಿ ತೇವಕ್ಕೆ ಹೋಗೋಕೆ ಜಾಗವೇ ಇರಲಿಲ್ಲ. ವರ್ಷಕ್ಕೊಂದು ಸಲ ತೊಳೆಸೋ ಮನೆಗೆ ಬ್ಲೋವರ್ ಕೊಳ್ಳೋದು ದಂಡ. ಅದೇ ಕೂಲರ್ ಸಾಕು: ನೀರು ಖಾಲಿ ಮಾಡಿ, ಪಂಪ್ ಬಂದ್ ಮಾಡಿ, ಹುಲ್ಲಿನ ಪ್ಯಾಡ್ ತೆಗೆದಿಡಿ. ಒಂದು ಕಿಟಕಿಯಲ್ಲಿ ಅದರ ಮುಖ ಹೊರಗಡೆ ಮಾಡಿ ಹಚ್ಚಿ, ಎದುರಿನ ಬಾಗಿಲು ತೆರೀರಿ. ಕೋಣೆಯ ತೇವವನ್ನೆಲ್ಲ ಅದು ಹೊರಗೆ ದೂಡುತ್ತದೆ. ಕಾರ್ಪೆಟ್ ಬಿಡಿಯಾಗಿದ್ದರೆ ನೆಲದ ಮೇಲೆ ಬಿಡಬೇಡಿ, ಎರಡು ಕುರ್ಚಿಗಳ ಮೇಲೆ ಎತ್ತಿ ಹಾಕಿ, ಅಡಿಗೂ ಗಾಳಿ ಆಡಲಿ. ರಸ್ತೆ ಮೇಲೆ ಭತ್ತ ಒಣ ಹಾಕಿದವರು ಕಾಲಲ್ಲಿ ಕೆದರಿ ತಿರುವುತ್ತಾರಲ್ಲ, ಅದೇ ಲೆಕ್ಕ. ಶಹಾಬಾದ್ ಕಲ್ಲಿನ ನೆಲಕ್ಕೆ ಅಂಟಿದ ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಂಡರೂ ಅಡಿ ಹಸಿಯೇ ಇರುತ್ತದೆ.

ಹತ್ತಿ ಜಮಖಾನೆಯಾದರೆ ಇದ್ಯಾವ ತಲೆಬಿಸಿಯೂ ಇಲ್ಲ, ಮಾಳಿಗೆ ಮೇಲೆ ಹಾಕಿ.

ಮಳೆಗಾಲದಲ್ಲಿ ಕಥೆ ಬೇರೆ. ಹೊರಗಿನ ಗಾಳಿಯೇ ಒದ್ದೆ ಇದ್ದಾಗ ಕಿಟಕಿ ತೆಗೆದು ಉಪಯೋಗವಿಲ್ಲ. ಎಸಿ ಇದ್ದರೆ ಕಿಟಕಿ ಹಾಕಿ ಡ್ರೈ ಮೋಡಿನಲ್ಲಿಡಿ, ಜೊತೆಗೆ ಟೇಬಲ್ ಫ್ಯಾನ್ ನೆಲಕ್ಕಿಳಿಸಿ ಹಚ್ಚಿ. ಎಸಿ ಪೈಪಿನಿಂದ ತೊಟ್ಟಿಕ್ಕೋ ನೀರಿನಲ್ಲಿ ನಿಮ್ಮ ಕಾರ್ಪೆಟ್ಟಿನ ತೇವವೂ ಇರುತ್ತದೆ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಹೆಚ್ಚಿನಂಶ ಬೂಸ್ಟು ಹಿಡಿಯೋದಿಲ್ಲ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ. ನಿಮ್ಮದು ಆ ಗಡುವು ದಾಟಿದೆ. ಸೆಂಟು, ಪೌಡರು ಚೆಲ್ಲಬೇಡಿ. ಇನ್ನೊಮ್ಮೆ ತೊಳೆಸಿ, ಅವತ್ತೇ ಒಣಗಿಸಿ.

ಪ್ರಶ್ನೆ: ನಮ್ಮ ಕಲ್ಯಾಣ ಮಂಟಪಕ್ಕೆ ನಾಲ್ಕು ಬ್ಲೋವರ್ ತಂದಿದ್ದೇವೆ. ಒಟ್ಟಿಗೆ ಹಚ್ಚಿದರೆ ಫ್ಯೂಸ್ ಹೋಗುತ್ತದೆ, ಜನರೇಟರ್ ಮೇಲೂ ಎಳೆಯೋದಿಲ್ಲ.
– ಓದುಗರು, ಗಂಗಾವತಿ

ಉತ್ತರ: ನಾಲ್ಕನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿರುತ್ತೀರಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅದು ಮೋಟರಿನ ಕೆಲಸದ ಲೆಕ್ಕ, ಲೈನಿನಿಂದ ಎಳೆಯೋದು ಅದಕ್ಕಿಂತ ಜಾಸ್ತಿ. ಮಷಿನ್ ಬೆನ್ನಿನ ಪ್ಲೇಟಿನಲ್ಲಿ ಆಂಪಿಯರ್ ಬರೆದಿರುತ್ತದೆ, ಅದನ್ನು ಕೂಡಿಸಿ. 6 ಆಂಪಿಯರಿನ ಸಣ್ಣ ಸಾಕೆಟ್ 230 ವೋಲ್ಟಿನಲ್ಲಿ 1,380 ವ್ಯಾಟಿಗೆ ಮುಗಿಯಿತು. ದೊಡ್ಡ 16 ಆಂಪಿಯರ್ ಸಾಕೆಟ್ಟುಗಳಿಗೆ, ಬೇರೆ ಬೇರೆ ಲೈನಿಗೆ ಹಂಚಿ. ಮೋಟರ್ ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೇ ಜನರೇಟರ್ ಕೂರುತ್ತದೆ. ಒಂದೊಂದಾಗಿ ಹಚ್ಚಿ. ಮೊದಲನೆಯದು ಪೂರ್ತಿ ವೇಗಕ್ಕೆ ಬಂದ ಮೇಲೆ ಎರಡನೆಯದು. ಮುಂದಿನ ಸಲ ಕೊಳ್ಳುವಾಗ ದುಂಡಗಿನದನ್ನೇ ಕೊಳ್ಳಿ, ನಿಮ್ಮಂಥ ದೊಡ್ಡ ಹಾಲಿಗೆ ಅದೇ ಸರಿ, ಕರೆಂಟೂ ಕಡಿಮೆ.

ಪ್ರಶ್ನೆ: ಹೇರ್ ಡ್ರೈಯರ್, ರೂಮ್ ಹೀಟರ್ ನಡೆಯುತ್ತದಾ?
– ಓದುಗರು, ಕೊಪ್ಪಳ

ಉತ್ತರ: ಹೀಟರ್ ಬೇಡ. ಹತ್ತಿರ ಇಟ್ಟರೆ ಸಿಂಥೆಟಿಕ್ ನೂಲು ಕರಗುತ್ತದೆ, ಬೆನ್ನಿನ ಅಂಟೂ ಬಿಡಬಹುದು. ಚಹಾ ಚೆಲ್ಲಿ ಒರೆಸಿದ ಅಂಗೈಯಗಲ ಜಾಗಕ್ಕೆ ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಹಿಡಿಯಿರಿ, ನಡೆಯುತ್ತದೆ.